ಖಾಲಿ ವ್ಯಾಗನ್ ಬೆಟ್ಟ ಹತ್ತಿದ್ದು ಹೇಗೆ? ಮಾಕ್ ಚಂಕ್ ಕಲ್ಲಿದ್ದಲು ಹಳಿಯ ಹಿನ್ನೆಲೆ

ಗಣಿ ಬೆಟ್ಟದ ಮೇಲಿದ್ದು ದೋಣಿ ಕೆಳಗಿನ ಹೊಳೆಯಲ್ಲಿದ್ದರೆ ಕಲ್ಲಿದ್ದಲು ಇಳಿಸುವುದು ಕಷ್ಟವಲ್ಲ. ಖಾಲಿಯಾದ ವ್ಯಾಗನ್ ಮತ್ತೆ ಮೇಲೆ ಹೋಗಬೇಕಲ್ಲ, ತೊಡಕು ಅಲ್ಲಿದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದ್ದ ಮಾಕ್ ಚಂಕ್ ರೈಲು ಬದುಕಿದ್ದಷ್ಟು ಕಾಲ ಈ ತೊಡಕಿನ ಜೊತೆಗೇ ಹೆಣಗಿತು.

ಲೀಹೈ ಕೋಲ್ ಅಂಡ್ ನ್ಯಾವಿಗೇಷನ್ ಕಂಪನಿಯ ಜೋಸೈಯಾ ವೈಟ್ ಇದನ್ನು 1827ರಲ್ಲಿ ಹಾಕಿಸಿದರು. ಸಮಿಟ್ ಹಿಲ್ ಗಣಿಯಿಂದ ಲೀಹೈ ನದಿಯವರೆಗೆ ಸುಮಾರು 9 ಮೈಲಿ, ಹಿಂದಿನ ಗಾಡಿದಾರಿಯ ಮೇಲೆಯೇ. ಮರದ ತೊಲೆ, ಅದರ ಮೇಲೆ ಬಡಿದ ಕಬ್ಬಿಣದ ಪಟ್ಟಿ: ಹಳಿ ಎಂದರೆ ಇಷ್ಟೇ. ತುಂಬಿದ ವ್ಯಾಗನ್‌ಗಳು ತಮ್ಮ ಭಾರಕ್ಕೇ ಉರುಳುತ್ತ ಅರ್ಧ ಗಂಟೆಯಲ್ಲಿ ಕೆಳಗಿರುತ್ತಿದ್ದವು, ಬ್ರೇಕ್ ಹಿಡಿಯುವವನಿದ್ದರೆ ಸಾಕು. ಸಾಲಿನ ಕೊನೆಯ ವ್ಯಾಗನ್‌ಗಳಲ್ಲಿ ಹೇಸರಗತ್ತೆಗಳೂ ಇಳಿಯುತ್ತಿದ್ದವು. ಖಾಲಿ ವ್ಯಾಗನ್‌ಗಳನ್ನು ಮೇಲಕ್ಕೆ ಎಳೆಯಲು ಈ ಹೇಸರಗತ್ತೆಗಳಿಗೆ ಮೂರು-ನಾಲ್ಕು ಗಂಟೆ ಹಿಡಿಯುತ್ತಿತ್ತು. ಹಳಿ ಒಂದೇ. ಹೇಸರಗತ್ತೆ ಹತ್ತುವಷ್ಟು ಹೊತ್ತೂ ಮೇಲೆ ತುಂಬಿಟ್ಟ ಕಲ್ಲಿದ್ದಲು ಕಾಯಬೇಕು.

1840ರ ದಶಕದ ಮಧ್ಯದಲ್ಲಿ ಮರಳಲು ಬೇರೆಯೇ ಹಳಿ ಬಂತು. ಮೌಂಟ್ ಪಿಸ್ಗಾ ಬೆಟ್ಟದ ಕಡಿದಾದ ಏರು 2,322 ಅಡಿ ಉದ್ದ, 664 ಅಡಿ ಎತ್ತರ. ನೆತ್ತಿಯಲ್ಲಿ ಕದಲದ ಉಗಿ ಎಂಜಿನ್, ದೊಡ್ಡ ಉರುಳೆ, ಅದಕ್ಕೆ ಸುತ್ತಿದ ಲೋಹದ ಪಟ್ಟಿ. ಪಟ್ಟಿಯನ್ನು ನೇರ ವ್ಯಾಗನ್‌ಗೆ ಕಟ್ಟಲಿಲ್ಲ ಎಂಬುದೇ ಇದರ ಜಾಣ್ಮೆ. ಏರಿನ ಬುಡದಲ್ಲಿ ಹಳಿಗಳ ನಡುವೆ ಒಂದು ಗುಂಡಿ. ಅದರೊಳಗೆ ಪಟ್ಟಿಗೆ ಕಟ್ಟಿದ 'ಬಾರ್ನಿ' ಎಂಬ ತಳ್ಳುಗಾಡಿ ಅಡಗಿರುತ್ತಿತ್ತು. ವ್ಯಾಗನ್ ಗುಂಡಿಯನ್ನು ದಾಟಿ ನಿಂತ ಮೇಲೆ ಪಟ್ಟಿ ಬಿಗಿಯುತ್ತಿತ್ತು, ಬಾರ್ನಿ ಹಿಂದಿನಿಂದ ಮೇಲೆದ್ದು ವ್ಯಾಗನ್ನನ್ನು ತಳ್ಳುತ್ತ ಹತ್ತುತ್ತಿತ್ತು. ಕೊಕ್ಕೆ ಹಾಕುವ, ಬಿಚ್ಚುವ ಕೆಲಸವೇ ಇಲ್ಲ. ಪಟ್ಟಿ ತುಂಡಾದರೆ? ಅದಕ್ಕೆಂದೇ ಪಕ್ಕದಲ್ಲಿ ಹಲ್ಲುಹಲ್ಲಿನ ಹಳಿ ಇತ್ತು. ಬಾರ್ನಿಯ ನಾಲಿಗೆ ಹಲ್ಲಿನಿಂದ ಹಲ್ಲಿಗೆ ಟಕಟಕ ಜಾರುತ್ತ ಮೇಲೇರುತ್ತಿತ್ತು, ಹಿಂದೆ ಸರಿದರೆ ಅಲ್ಲೇ ಕಚ್ಚಿಕೊಳ್ಳುತ್ತಿತ್ತು. ಪಿಸ್ಗಾದಿಂದ ಮತ್ತೆ ಇಳಿಜಾರು, ಆಮೇಲೆ ಮೌಂಟ್ ಜೆಫರ್ಸನ್‌ನ ಎರಡನೇ ಏರು, ಅಲ್ಲಿಂದ ಗಣಿ.

ಆದರೂ ಒಂದು ಏರಿಕೆಗೆ ಬೆರಳೆಣಿಕೆಯ ವ್ಯಾಗನ್‌ಗಳಷ್ಟೇ. 1872ರಲ್ಲಿ ಬೆಟ್ಟ ಕೊರೆದು ಸುರಂಗ ಬಂದಾಗ ಲೋಕೋಮೋಟಿವ್‌ಗಳು ಇಡೀ ರೈಲನ್ನೇ ಸಮತಟ್ಟಾದ ದಾರಿಯಲ್ಲಿ ಎಳೆದವು, ಕಲ್ಲಿದ್ದಲು ಅತ್ತ ಹೋಯಿತು. ಪ್ರವಾಸಿಗರು ಮಾತ್ರ ಇತ್ತಲೇ ಬರುತ್ತಿದ್ದರು. ಎಂಜಿನ್ ಇಲ್ಲದೆ ಜಾರುವ ಖುಷಿಗೆ ಅವರು ದುಡ್ಡು ಕೊಡಲು ಸಿದ್ಧರಿದ್ದುದರಿಂದ ಈ ಹಳಿಗೆ ಇನ್ನೂ 60 ವರ್ಷ ಆಯುಸ್ಸು ಸಿಕ್ಕಿತು. 1884ರಲ್ಲಿ ನ್ಯೂಯಾರ್ಕ್‌ನ ಕೋನಿ ಐಲ್ಯಾಂಡ್‌ನಲ್ಲಿ ಲಾಮಾರ್ಕಸ್ ಥಾಂಪ್ಸನ್ ತೆರೆದ ಜಾರು ರೈಲಿಗೆ, ಅಂದರೆ ಇಂದಿನ ರೋಲರ್ ಕೋಸ್ಟರ್‌ಗೆ, ಇದೇ ಸ್ಫೂರ್ತಿ ಎನ್ನುತ್ತಾರೆ.

ಮಹಾ ಆರ್ಥಿಕ ಕುಸಿತದ ಹೊಡೆತಕ್ಕೆ 1933ರಲ್ಲಿ ಓಡಾಟ ನಿಂತಿತು. 1937ರಲ್ಲಿ ಎಲ್ಲವನ್ನೂ ಗುಜರಿಗೆ ಮಾರಿದರು. ಮಾಕ್ ಚಂಕ್ ಊರಿನ ಹೆಸರು ಈಗ ಜಿಮ್ ಥಾರ್ಪ್. ಹಳಿ ಕಿತ್ತ ದಾರಿಯಲ್ಲಿ ಜನ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ.