ಶಾಲಾ ಸಮಿತಿಯ ಬಲ ಠರಾವಿನಲ್ಲಿದೆ

ಸಮಿತಿಗೆ ಆಯ್ಕೆಯಾದ ಪಾಲಕರು ಮೊದಲು ಕೇಳುವುದು, ನಮಗಿರುವ ಅಧಿಕಾರ ಏನು ಅಂತ. ಅದು ಶಾಲೆ ಯಾವುದು ಎಂಬುದರ ಮೇಲೆ ಹೋಗುತ್ತದೆ. ಸರ್ಕಾರಿ ಶಾಲೆಯ ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ) 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮು ಮುಖ್ಯವಾಗಿ ಮೂರು ಕೆಲಸ ಕೊಟ್ಟಿದೆ: ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಅಭಿವೃದ್ಧಿ ಯೋಜನೆ ತಯಾರಿಸಿ ಶಿಫಾರಸು ಮಾಡುವುದು, ಅನುದಾನದ ಖರ್ಚಿನ ಮೇಲೆ ಕಣ್ಣಿಡುವುದು. ಅನುದಾನಿತ ಖಾಸಗಿ ಶಾಲೆ ಮತ್ತು ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಲ್ಲಿ ಮಾತ್ರ, 2012ರ ತಿದ್ದುಪಡಿಯ ಪ್ರಕಾರ, ಸಮಿತಿ ಸಲಹೆ ಕೊಡಬಹುದು ಅಷ್ಟೆ. ಹಾಗೆಂದು ಅಲ್ಲಿಯ ಸದಸ್ಯರು ಕೈಕಟ್ಟಿ ಕೂರಬೇಕಿಲ್ಲ. ಬಾಯಿಮಾತಿನ ಸಲಹೆಯನ್ನು ಆಡಳಿತ ಮಂಡಳಿ ಮರೆಯಬಹುದು. ಬರೆದುಕೊಟ್ಟು ಸ್ವೀಕೃತಿ ಪಡೆದ ಸಲಹೆಗೆ ಉತ್ತರ ಕೊಡದೆ ಇರುವುದು ಕಷ್ಟ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹೆಚ್ಚು ಕೆಡುವುದು ಈ ಬರೆಯುವ ಕೆಲಸದಲ್ಲೇ. ಸಭೆ ನಡೆಯದೆ ಠರಾವು ಪುಸ್ತಕ ಮನೆಮನೆಗೆ ಹೋಗುತ್ತದೆ, "ಅಧ್ಯಕ್ಷರೇ, ಇಲ್ಲೊಂದು ಸಹಿ" ಎಂದರೆ ಮುಗಿಯಿತು. ಇದಕ್ಕೆ ಪಾಲಕರ ಅಸಡ್ಡೆಯೇ ಕಾರಣ ಎನ್ನಲಾಗದು, ಸಭೆಯ ಹೊತ್ತೇ ತಪ್ಪಿರುತ್ತದೆ. ಸದಸ್ಯರಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಕಾಯ್ದೆ ಹೇಳುತ್ತದೆ. ಅಡಕೆ ಕೊಯ್ಲಿನ ದಿನಗಳಲ್ಲಿ ಶಿರಸಿ, ಸಿದ್ದಾಪುರದ ಹೆಂಗಸರು ಸಂಜೆ ಸುಲಿಯುವ ಕೆಲಸ ಬಿಟ್ಟು ಬರಲಾರರು. ಆಗ ಬೆಳಿಗ್ಗೆ, ಮಕ್ಕಳನ್ನು ಬಿಡಲು ಬಂದಾಗ ಸಭೆ ಕರೆಯಿರಿ. ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ, ಮೀನುಗಾರ ಅಪ್ಪಂದಿರು ಊರಲ್ಲೇ ಇರುತ್ತಾರೆ. ಪಾಲಕರ ದೊಡ್ಡ ಸಭೆಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ.

ಇನ್ನು ಠರಾವು ಬರೆಯುವ ರೀತಿ. "ಮಾಡು (ಚಾವಣಿ) ದುರಸ್ತಿ ಮಾಡಿಸಲು ತೀರ್ಮಾನಿಸಲಾಯಿತು" ಎಂಬ ಒಂದು ಸಾಲಿನಿಂದ ಯಾವ ಕಚೇರಿಯೂ ಅಲುಗಾಡುವುದಿಲ್ಲ. ಹೀಗೆ ಬರೆಯಿರಿ: "ನಾಲ್ಕನೇ ತರಗತಿ ಕೋಣೆಯ ಪಶ್ಚಿಮದ ಮಾಡಿನಲ್ಲಿ 60 ಹೆಂಚು ಒಡೆದಿವೆ, 3 ಪಕಾಸಿಗೆ (ಮಾಡಿನ ಇಳಿಜಾರು ಮರಕ್ಕೆ) ಗೆದ್ದಲು ಹತ್ತಿದೆ, 40 ಅಡಿ ರೀಪು (ಹೆಂಚು ಕೂರಿಸುವ ಮರದ ಪಟ್ಟಿ) ಬದಲಿಸಬೇಕು. ಮೇಸ್ತ್ರಿಯ ಅಂದಾಜು ಲಗತ್ತಿಸಿದೆ. ಮೇ 15ರೊಳಗೆ ಕೆಲಸ ಮುಗಿಯಬೇಕು." ಕೆಳಗೆ ಹೊಣೆ ಹೊತ್ತವರ ಹೆಸರು. ಠರಾವಿನ ನಕಲು ಗ್ರಾಮ ಪಂಚಾಯ್ತಿಗೊಂದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೊಂದು. ಮುಂದಿನ ಸಭೆ ಶುರುವಾಗುವುದೇ ಹಳೆಯ ಠರಾವು ಏನಾಯಿತು ಎಂಬ ಪ್ರಶ್ನೆಯಿಂದ. ಮಕ್ಕಳು ಹಳ್ಳ ದಾಟುವ ಕಾಲುಸಂಕದ (ಕಿರುಸೇತುವೆಯ) ವಿಷಯವೂ ಹೀಗೇ ಮಳೆಗೆ ಮೊದಲು ಪಂಚಾಯ್ತಿ ಮೇಜಿಗೆ ಬರಬೇಕು. ಹಳ್ಳ ತುಂಬಿದ ಮೇಲೆ ಬರೆದು ಪ್ರಯೋಜನವಿಲ್ಲ.

ಹಣದ ಲೆಕ್ಕಕ್ಕೆ ಬಂದರೆ, ಸಮಗ್ರ ಶಿಕ್ಷಣ ಯೋಜನೆಯ ಚೌಕಟ್ಟಿನಲ್ಲಿ 31ರಿಂದ 100 ಮಕ್ಕಳ ಶಾಲೆಗೆ ವರ್ಷಕ್ಕೆ 25,000 ರೂಪಾಯಿ ಸಂಯೋಜಿತ ಅನುದಾನ, ಅಂದರೆ ಶಾಲೆಯ ಬೇರೆಬೇರೆ ಖರ್ಚಿಗೆ ಒಟ್ಟಾಗಿ ಕೊಡುವ ಹಣ. ಅದಕ್ಕೂ ಸಣ್ಣ ಶಾಲೆಗೆ 10,000. ಇದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಮೀಸಲು. ಸುಣ್ಣಬಣ್ಣಕ್ಕೇ ಎಲ್ಲ ಸುರಿದು ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲದಂತಾದರೆ ಅದು ಸಮಿತಿಯ ಸೋಲು.

ಬಿಸಿಯೂಟ ನೋಡಲು ಹೋದವರು ರುಚಿ ನೋಡಿ ಬಂದರೆ ಸಾಲದು. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. 40 ಮಕ್ಕಳು ಹಾಜರಿದ್ದ ದಿನ 4 ಕಿಲೋ ಅಕ್ಕಿ, 800 ಗ್ರಾಂ ಬೇಳೆ ಹೋಗಿರಬೇಕು. ಹಾಜರಿ ಪುಸ್ತಕ, ದಾಸ್ತಾನು ಪುಸ್ತಕ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಶಿಕ್ಷಕರ ಕೊರತೆಗೂ ಅಂಕಿಯೇ ಆಧಾರ. ಕಾಯ್ದೆಯ ಅನುಸೂಚಿಯಲ್ಲಿ 1ರಿಂದ 5ರವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು ಎಂದಿದೆ. ಹದಿನೈದೇ ಮಕ್ಕಳಿರುವ ಮಲೆನಾಡಿನ ಶಾಲೆಗೂ ಅದು ಅನ್ವಯ. ಆದರೆ ಪಾಠ ಹೇಳುವ ಕ್ರಮ ಶಿಕ್ಷಕರಿಗೆ ಬಿಟ್ಟದ್ದು. ತರಗತಿ ನಡೆಯುವಾಗ ಒಳನುಗ್ಗಿ ಪ್ರಶ್ನಿಸುವ ಹಕ್ಕು ಅಧ್ಯಕ್ಷರಿಗೂ ಇಲ್ಲ.

ಈ ಎಲ್ಲ ಬೇಡಿಕೆ ಸೇರುವುದು ಮೂರು ವರ್ಷಗಳ ಶಾಲಾ ಅಭಿವೃದ್ಧಿ ಯೋಜನೆಯಲ್ಲಿ. ಕೇಂದ್ರದ ಮಾದರಿ ನಿಯಮದಂತೆ ಅದು ಆರ್ಥಿಕ ವರ್ಷ ಮುಗಿಯಲು ಮೂರು ತಿಂಗಳಿರುವಾಗಲೇ, ಅಂದರೆ ಡಿಸೆಂಬರ್ ಕೊನೆಯೊಳಗೆ ಸಿದ್ಧವಿರಬೇಕು. ಹಿಂದಿನ ಯೋಜನೆಯನ್ನೇ ನಕಲು ಮಾಡದೆ, ನವೆಂಬರಿನಲ್ಲಿ ಅಳತೆ ಟೇಪು ಹಿಡಿದು ಶಾಲೆಯನ್ನೊಮ್ಮೆ ಸುತ್ತಿ ಬರೆಯಲು ಕೂರಿ.