ತೀರ್ಮಾನ ಆದಮೇಲೆ ರೋಗಿಯನ್ನು ಕರೆದು ಏನು ಕೇಳುತ್ತೀರಿ?

ಟಿಬಿ ಕಾರ್ಯಕ್ರಮದ ವೈದ್ಯರಿಗೆ ಸಭೆಗಳು ಜಾಸ್ತಿ. ಈಗ ಹೆಚ್ಚಿನ ಸಭೆಗಳಲ್ಲಿ ಗುಣವಾದ ರೋಗಿಯೊಬ್ಬರಿಗೂ ಕುರ್ಚಿ ಇರುತ್ತದೆ, 'ಟಿಬಿ ಚಾಂಪಿಯನ್' ಅಂತ. ಸಂತೋಷ. ಆದರೆ ಅವರನ್ನು ಕರೆಯುವುದು ಎಲ್ಲ ತೀರ್ಮಾನ ಆದಮೇಲೆ. ಒಂದು ಹೂಗುಚ್ಛ, ಒಂದು ಫೋಟೊ, ರಿಜಿಸ್ಟರ್‌ನಲ್ಲಿ ಸಹಿ. ವರದಿಯಲ್ಲಿ ಇದೇ 'ರೋಗಿಗಳ ಸಹಭಾಗಿತ್ವ'!

ಆಮೇಲೆ ಅಭಿಪ್ರಾಯ ಕೇಳುವುದು ಬೇರೆ, ಮೊದಲೇ ಜೊತೆಗೆ ಕೂರಿಸಿಕೊಳ್ಳುವುದು ಬೇರೆ. ಎಷ್ಟು ಸಲ ಹೇಳಿದರೂ ನಮ್ಮವರಿಗೆ ಇದು ಹಿಡಿಸುವುದಿಲ್ಲ. ಲ್ಯಾಬ್‌ನ ಸಮಯ ನಿಗದಿ ಮಾಡಿಬಿಟ್ಟು 'ಹೇಗಿದೆಯಮ್ಮ?' ಅಂದರೆ 'ಚೆನ್ನಾಗಿದೆ ಸಾರ್' ಅಂತಲೇ ಹೇಳುತ್ತಾರೆ. ನಾಳೆ ಮಾತ್ರೆಗೆ ನಿಮ್ಮ ಹತ್ತಿರವೇ ಬರಬೇಕಲ್ವಾ? ನಿಗದಿ ಮಾಡುವ ಮೊದಲು ಕೇಳಿ. ಸಭೆಯಲ್ಲಿ ಯಾವ ವಿಷಯ ಬರಬೇಕು ಅನ್ನುವುದನ್ನೂ ಕೇಳಿ.

ಒಂದು ತಾಲ್ಲೂಕು ಸಭೆ. ಜನ ಕಫ ಪರೀಕ್ಷೆಗೆ ಬರುತ್ತಿಲ್ಲ, ಅರಿವಿಲ್ಲ ಅಂತ ಎಲ್ಲರ ದೂರು. ಪೋಸ್ಟರ್ ಎಲ್ಲೆಲ್ಲಿ ಅಂಟಿಸಬೇಕು ಅಂತ ಬಹಳ ಹೊತ್ತು ಚರ್ಚೆ ನಡೆಯಿತು. ಮೂಲೆಯಲ್ಲಿ ಬೀಡಿ ಕಟ್ಟುವ ಹೆಂಗಸೊಬ್ಬರು ಕೂತಿದ್ದರು. 'ಸಾರ್, ನಮ್ಮ ಕಡೆಯ ಬಸ್ಸು ಇಲ್ಲಿಗೆ ಬರೋದೇ ಹನ್ನೆರಡಕ್ಕೆ. ಅಷ್ಟೊತ್ತಿಗೆ ಲ್ಯಾಬ್‌ನವರು ಕಫದ ಡಬ್ಬಿ ತಗೊಳ್ಳೋದು ನಿಲ್ಲಿಸಿರ್ತಾರೆ' ಅಂದರು. ಪೋಸ್ಟರ್ ಚರ್ಚೆ ಅಲ್ಲಿಗೇ ನಿಂತಿತು.

'ಅವರಿಗೇನು ತಿಳಿಯುತ್ತೆ?' ಅನ್ನುವವರಿಗೆ ಬೆಡಾಕ್ವಿಲಿನ್ ಕಥೆ ಹೇಳುತ್ತೇನೆ. ಔಷಧಿಗೆ ಬಗ್ಗದ ಟಿಬಿಗೆ ಕೊಡುವ ಮಾತ್ರೆ ಇದು. ಇದರ ಪೇಟೆಂಟನ್ನು, ಅಂದರೆ ತಾನೊಂದೇ ತಯಾರಿಸಿ ಮಾರುವ ಹಕ್ಕನ್ನು, ಇನ್ನಷ್ಟು ವರ್ಷ ಎಳೆಯಲು ಜಾನ್ಸನ್ ಅಂಡ್ ಜಾನ್ಸನ್ ಭಾರತದಲ್ಲಿ ಅರ್ಜಿ ಹಾಕಿತ್ತು. 2019ರಲ್ಲಿ ಅದಕ್ಕೆ ತಕರಾರು ಸಲ್ಲಿಸಿದವರಲ್ಲಿ ಮುಂಬೈನ ನಂದಿತಾ ವೆಂಕಟೇಶನ್, ದಕ್ಷಿಣ ಆಫ್ರಿಕಾದ ಫುಮೇಜಾ ಟಿಸಿಲೆ ಇದ್ದರು. ಇಬ್ಬರೂ ಟಿಬಿ ಗೆದ್ದವರು. ಹಳೆಯ ಔಷಧಿಗಳಿಂದ ಇಬ್ಬರಿಗೂ ಕಿವಿ ಕೇಳದಂತಾಗಿತ್ತು. ನಮ್ಮ ಕಾಗದದಲ್ಲಿ ಅದು ಬರೀ 'ಅಡ್ಡ ಪರಿಣಾಮ'. 2023ರ ಮಾರ್ಚ್‌ನಲ್ಲಿ ಪೇಟೆಂಟ್ ಕಚೇರಿ ಕಂಪನಿಯ ಅರ್ಜಿಯನ್ನು ತಳ್ಳಿಹಾಕಿತು. ಬೇರೆ ಕಂಪನಿಗಳು ಈ ಮಾತ್ರೆ ತಯಾರಿಸಲು ದಾರಿಯಾಯಿತು. ಆ ಇಬ್ಬರಿಗೆ ವಕೀಲರ, ಸಂಘಟನೆಗಳ ಬೆಂಬಲ ಇತ್ತು, ನಿಜ.

ಹಾಗಂತ ಡೋಸ್ ಎಷ್ಟು ಅಂತ ಸಭೆಯಲ್ಲಿ ಕೈ ಎತ್ತಿಸಿ ತೀರ್ಮಾನಿಸಿ ಅನ್ನುತ್ತಿಲ್ಲ. ಒಬ್ಬರ ಅನುಭವ ಎಲ್ಲರದ್ದೂ ಆಗುವುದಿಲ್ಲ. ರೋಗಿಗಳ ಪ್ರತಿನಿಧಿಗೆ ಔಷಧಿ ಕಂಪನಿಯಿಂದ ದುಡ್ಡು ಬರುತ್ತಿದ್ದರೆ ಅದನ್ನೂ ಮೊದಲೇ ಹೇಳಬೇಕು.

ಇನ್ನು ಒಬ್ಬರನ್ನೇ ಕರೆದರೆ ಸಾಹೇಬರ ಎದುರು ಬಾಯಿ ಬಿಡುವುದು ಕಷ್ಟ. 2017ರ ಮಾನಸಿಕ ಆರೋಗ್ಯ ಕಾಯ್ದೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಕಾಯಿಲೆ ಅನುಭವಿಸಿದವರ ಪರವಾಗಿ ಇಬ್ಬರಿಗೆ, ಆರೈಕೆ ಮಾಡುವವರ ಪರವಾಗಿ ಇಬ್ಬರಿಗೆ ಜಾಗ ಇಟ್ಟಿದೆ. ನಮ್ಮ ಸಮಿತಿಗಳೂ ಅಷ್ಟಾದರೂ ಮಾಡಲಿ. ಅಜೆಂಡಾ ವಾರ ಮೊದಲೇ ಕನ್ನಡದಲ್ಲಿ ಕೊಡಿ. ನಮಗೆಲ್ಲ ಸಭೆಗೆ ಬಂದರೆ ಟಿಎ, ಡಿಎ (ಪ್ರಯಾಣ ಭತ್ಯೆ, ದಿನಭತ್ಯೆ) ಸಿಗುತ್ತದೆ. ಬೀಡಿ ಕಟ್ಟುವ ಕೆಲಸ ಬಿಟ್ಟು ಬಂದವರಿಗೆ ಬಸ್ ಚಾರ್ಜು, ಆ ದಿನದ ಕೂಲಿ ಎರಡನ್ನೂ ಕೊಡಿ.