ಎಂಜಿನ್ ಬಿಸಿಯೇರಿದರೆ ಥರ್ಮೋಸ್ಟಾಟ್ ಕಿತ್ತುಹಾಕಬೇಕೇ?

ಪ್ರಶ್ನೆ: ಶರಾವತಿ ಹಿನ್ನೀರಿನಲ್ಲಿ ನಮ್ಮದೊಂದು ಡೀಸೆಲ್ ದೋಣಿ ಇದೆ. ಎಂಜಿನ್ ದೋಣಿಯ ಒಳಗೇ ಕೂರಿಸಿದ್ದು. ಮಳೆ ಹಿಡಿದಾಗಿನಿಂದ ಅರ್ಧ ದಾರಿಗೆ ಬಿಸಿಯೇರುತ್ತಿದೆ. ಥರ್ಮೋಸ್ಟಾಟ್ ತೆಗೆದುಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ತೆಗೆಯಲೇ?

ಉತ್ತರ: ತೆಗೆಯಬೇಡಿ. ಪ್ರತಿ ಮಳೆಗಾಲಕ್ಕೂ ಇದೇ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಇದೇ ಉತ್ತರ ಕೊಡುತ್ತೇನೆ. ಆದರೂ ಸಾಗರದಿಂದ ತುಮರಿಯವರೆಗೆ ಈ ನಂಬಿಕೆ ಅಲುಗಾಡಿಲ್ಲ. ಈ ಸಲ ಕಾರಣವನ್ನೂ ಪೂರ್ತಿ ಬರೆಯುತ್ತೇನೆ.

ಥರ್ಮೋಸ್ಟಾಟ್ ಎಂದರೆ ಎಂಜಿನ್ನಿನೊಳಗೆ ಸುತ್ತುವ ನೀರು ಬಿಸಿಯಾದಾಗ ಅದನ್ನು ತಣಿಯುವ ಕಡೆಗೆ ಬಿಡುವ ವಾಲ್ವ್. ಅದರ ಹೊಟ್ಟೆಯಲ್ಲಿ ಮೇಣವಿರುತ್ತದೆ. ನೀರು ಸುಮಾರು 75–80 ಡಿಗ್ರಿಗೆ ಬಂದಾಗ ಮೇಣ ಕರಗಿ ಹಿಗ್ಗಿ, ವಾಲ್ವನ್ನು ತಳ್ಳಿ ತೆರೆಯುತ್ತದೆ. ಇನ್ನೂ ಹತ್ತು ಹದಿನೈದು ಡಿಗ್ರಿ ಏರಿದರೆ ಪೂರ್ತಿ ತೆರೆದುಕೊಳ್ಳುತ್ತದೆ. ಅಂದರೆ ನಿಮ್ಮ ತಾಪಮಾಪಕದ ಮುಳ್ಳು 100 ಮುಟ್ಟಿದಾಗ, ಸರಿಯಾಗಿರುವ ಥರ್ಮೋಸ್ಟಾಟ್ ಆಗಲೇ ಬಾಯಿ ತೆರೆದು ಕೂತಿರುತ್ತದೆ. ಅದನ್ನು ತೆಗೆದು ಗಳಿಸುವುದೇನು? ತೂಬು ಕಿತ್ತರೆ ಕೆರೆಗೆ ನೀರು ಹೆಚ್ಚುವುದಿಲ್ಲ.

“ತೆಗೆದ ಮೇಲೆ ತಣ್ಣಗಾಯಿತಲ್ಲ” ಎನ್ನುವವರಿದ್ದಾರೆ. ಆಗುವುದಿಷ್ಟೇ: ತಣ್ಣನೆಯ ಎಂಜಿನ್ ಕಾಯಲು ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ನೀವು ಆಚೆ ದಡ ಸೇರಿರುತ್ತೀರಿ. ರೋಗ ಹಾಗೆಯೇ ಉಳಿದಿರುತ್ತದೆ. ಎಷ್ಟೋ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗಲೇ ಬೈಪಾಸ್ ದಾರಿಯನ್ನು (ನೀರು ತಣಿಯದೆ ಎಂಜಿನ್ನಿಗೇ ಮರಳುವ ಅಡ್ಡದಾರಿ) ಮುಚ್ಚುತ್ತದೆ. ಅದನ್ನು ಕಿತ್ತರೆ ಬಿಸಿನೀರು ತಣಿಯುವ ಕಡೆಗೆ ಹೋಗದೆ ಬೈಪಾಸ್‌ನಲ್ಲೇ ಸುತ್ತುತ್ತದೆ, ಎಂಜಿನ್ ಮೊದಲಿಗಿಂತ ಬೇಗ ಕಾಯುತ್ತದೆ. ಬೈಪಾಸ್ ಇಲ್ಲದ ಎಂಜಿನ್ ಸದಾ ತಣ್ಣಗೆ ಓಡಿ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಮಸಿ ಕಟ್ಟುತ್ತದೆ, ಆಯಿಲ್‌ನಲ್ಲಿ ಸೇರಿದ ತೇವ ಆವಿಯಾಗದೆ ಕೆಸರಾಗುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ.

ಥರ್ಮೋಸ್ಟಾಟ್ ಮುಚ್ಚಿದಂತೆಯೇ ಕಚ್ಚಿಕೊಳ್ಳುವುದೂ ಉಂಟು. ಅನುಮಾನವಿದ್ದರೆ ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ, ಪಕ್ಕದಲ್ಲೊಂದು ಥರ್ಮಾಮೀಟರ್ ಇರಲಿ. ತೆರೆಯದಿದ್ದರೆ ಹೊಸದು ಹಾಕಿ. ಜಾಗ ಖಾಲಿ ಬಿಡಬೇಡಿ.

ಇನ್ನು ನಿಜವಾದ ರೋಗ. ಮೊದಲು ಹೊಗೆ ಕೊಳವೆಯ ಬಾಯಿ ನೋಡಿ. ಹೊಗೆಯ ಜೊತೆ ನೀರು ಉಗುಳುವುದು ಕಡಿಮೆಯಾಗಿದೆಯೇ? ಹಾಗಿದ್ದರೆ ಎಂಜಿನ್ನಿನ ನೀರನ್ನು ತಣಿಸಲು ಪಂಪ್ ಎಳೆದುಕೊಳ್ಳುವ ಹಿನ್ನೀರು ಸಾಕಷ್ಟು ಒಳಗೆ ಬರುತ್ತಿಲ್ಲ. ಮೊದಲ ಮಳೆಗೆ ಹಳ್ಳಗಳು ಕೆಮ್ಮಣ್ಣನ್ನೂ ಕೊಳೆತ ಎಲೆಯನ್ನೂ ಹಿನ್ನೀರಿಗೆ ತಂದು ಸುರಿಯುತ್ತವೆ. ದೋಣಿಯ ತಳದ ವಾಲ್ವ್ ಮುಚ್ಚಿ ಜಾಲರಿ ಬಿಚ್ಚಿದರೆ ಎಲೆಯ ನಾರು ಒತ್ತಾಗಿ ಕೂತಿರುವುದು ಕಾಣುತ್ತದೆ. ಮಳೆಗಾಲದ ದೂರುಗಳಲ್ಲಿ ಬಹುಪಾಲು ಇಲ್ಲೇ ಮುಗಿಯುತ್ತವೆ.

ಮುಗಿಯದಿದ್ದರೆ ಪಂಪಿನ ಮುಚ್ಚಳ ತೆಗೆದು ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಚಕ್ರ) ನೋಡಿ. ರಬ್ಬರ್ ರೆಕ್ಕೆಗಳ ಬುಡದಲ್ಲಿ ಕೂದಲೆಳೆಯ ಬಿರುಕಿದ್ದರೆ, ರೆಕ್ಕೆಗಳೆಲ್ಲ ಒಂದೇ ಕಡೆಗೆ ಬಾಗಿ ನೆಟ್ಟಗಾಗದಿದ್ದರೆ ಬದಲಿಸಿ. ರೆಕ್ಕೆ ತುಂಡಾಗಿದ್ದರೆ ಆ ತುಂಡು ಸಿಗುವವರೆಗೆ ಹುಡುಕಬೇಕು, ಅದು ಸಾಮಾನ್ಯವಾಗಿ, ಹಿನ್ನೀರು ಎಂಜಿನ್ನಿನ ಬಿಸಿನೀರನ್ನು ತಣಿಸುವ ಹೀಟ್ ಎಕ್ಸ್‌ಚೇಂಜರ್‌ನ ಬಾಯಲ್ಲಿ ಸಿಕ್ಕಿಕೊಂಡಿರುತ್ತದೆ. ಪಂಪಿಗೆ ನೀರು ತರುವ ಹೋಸ್ ಬಿರುಕು ಬಿಟ್ಟರೆ ಹೊರಗೆ ಹನಿಯೂ ಸೋರದಿರಬಹುದು. ಅದು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಹಾಗಾಗಿ ಕಣ್ಣಿಗೆ ಬೀಳುವುದಿಲ್ಲ.

ನೀರು ಚೆನ್ನಾಗಿ ಉಗುಳುತ್ತಿದ್ದು, ಪೂರ್ತಿ ವೇಗದಲ್ಲಿ ಮಾತ್ರ ಬಿಸಿಯೇರಿದರೆ ಹೀಟ್ ಎಕ್ಸ್‌ಚೇಂಜರ್‌ನ ಸಣ್ಣ ಕೊಳವೆಗಳಲ್ಲಿ ಹೂಳು ಕೂತಿರುವುದೇ ಹೆಚ್ಚು. ಹೊಗೆ ಕೊಳವೆಯ ಮೊಣಕೈಯಲ್ಲಿ ಮಸಿ ಕಟ್ಟಿದೆಯೇ ಎಂದೂ ನೋಡಿ.

ಕೇಳದಿದ್ದರೂ ಇನ್ನೊಂದು ಹೇಳುತ್ತೇನೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಕೂಲಂಟ್ (ಎಂಜಿನ್ನಿನ ನೀರಿಗೆ ಬೆರೆಸುವ ದ್ರವ) ಯಾಕೆ ಎಂದು ಎಂಜಿನ್ನಿಗೆ ಬರಿ ಹೊಳೆನೀರು ತುಂಬುವವರು ಬಹಳ. ಕೂಲಂಟ್ ತುಕ್ಕನ್ನೂ ತಡೆಯುತ್ತದೆ, ನೀರು ಕುದಿಯುವುದನ್ನೂ ಮುಂದೂಡುತ್ತದೆ. ಲಿಂಗನಮಕ್ಕಿ ತುಂಬಿದಾಗ ನೀರಿನ ಮಟ್ಟ ಸಮುದ್ರಕ್ಕಿಂತ 1819 ಅಡಿ ಮೇಲಿರುತ್ತದೆ, ಆ ಎತ್ತರದಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಎಂಜಿನ್‌ನಲ್ಲಿ ಆ ಅಂಕಿಯನ್ನು ಮೇಲಕ್ಕೆ ಒಯ್ಯುವುದು ಒತ್ತಡ ಹಿಡಿಯುವ ಮುಚ್ಚಳ. ಅದರ ರಬ್ಬರ್ ಸವೆದಿದ್ದರೆ ಉಳಿದೆಲ್ಲ ಸರಿಯಿದ್ದರೂ ನೀರು ಉಕ್ಕುತ್ತದೆ. ಎಂಜಿನ್ ತಣಿದ ಮೇಲೆಯೇ ಅದನ್ನು ಬಿಚ್ಚಿ ನೋಡಿ, ಬದಲಿಸುವಾಗ ಹಳೆಯದರ ಮೇಲೆ ಬರೆದಿರುವ ಒತ್ತಡದ ಅಂಕಿಯನ್ನೇ ಅಂಗಡಿಯಲ್ಲಿ ಕೇಳಿ.